ವಿಷುಯಲ್ ಸ್ಟುಡಿಯೋ 2022: ರೇಝರ್ ವ್ಯೂನಲ್ಲಿ ನೇಮ್‌ಸ್ಪೇಸ್ ಸಿಗದಿದ್ದಾಗ ಎಷ್ಟು ನೆರವಾಗುತ್ತದೆ?

ರೇಝರ್ ವ್ಯೂ ಅಂದರೆ ಎಚ್‌ಟಿಎಂಎಲ್ ಜೊತೆ ಸಿ# ಕೋಡ್ ಬೆರೆಸಿ ಬರೆಯುವ ಪೇಜ್ ಫೈಲ್, ನೇಮ್‌ಸ್ಪೇಸ್ ಅಂದರೆ ಕ್ಲಾಸುಗಳ ಗುಂಪಿನ ಹೆಸರು. ಎಎಸ್‌ಪಿ.ನೆಟ್ ಕೋರ್ ಪ್ರಾಜೆಕ್ಟಿಗೆ ವಿಷುಯಲ್ ಸ್ಟುಡಿಯೋವನ್ನು ಧೈರ್ಯವಾಗಿ ಬಳಸಿ. ಹಳೆಯ ಎಎಸ್‌ಪಿ.ನೆಟ್‌ನ ಎಂವಿಸಿ 5 ಪ್ರಾಜೆಕ್ಟಾದರೆ ಅರ್ಧ ಕೆಲಸ ನಿಮ್ಮ ಮೇಲೆಯೇ ಬೀಳುತ್ತದೆ.

ಎಂವಿಸಿ 5ರ ಲೇಔಟ್ ಫೈಲಿನಲ್ಲಿ ಸ್ಕ್ರಿಪ್ಟ್ ಫೈಲುಗಳನ್ನು ಪೇಜಿಗೆ ಸೇರಿಸುವ @ಸ್ಕ್ರಿಪ್ಟ್ಸ್.ರೆಂಡರ್ ಬರೆದಿದ್ದೀರಿ, ನೇಮ್‌ಸ್ಪೇಸ್ ಸೇರಿಸಿಲ್ಲ ಅಂದುಕೊಳ್ಳಿ. ಬಿಲ್ಡ್ ಸಲೀಸಾಗಿ ಮುಗಿಯುತ್ತದೆ. ಬ್ರೌಸರಿನಲ್ಲಿ ಪೇಜ್ ತೆರೆದಾಗ ಈ ಹೆಸರು ಗೊತ್ತಿಲ್ಲ ಅನ್ನುವ ಸಿಎಸ್0103 ಎರರ್ ಬರುತ್ತದೆ. ಇಲ್ಲಿ ವ್ಯೂ ಕಂಪೈಲ್ ಆಗುವುದೇ ಪೇಜನ್ನು ಮೊದಲ ಸಲ ಕೇಳಿದಾಗ. ಆಗ ಬಹಳ ಜನ ಪ್ರಾಜೆಕ್ಟಿನ ರೂಟ್ ಫೋಲ್ಡರಿನಲ್ಲಿರುವ ಸೆಟ್ಟಿಂಗ್ಸ್ ಫೈಲ್ ವೆಬ್.ಕಾನ್ಫಿಗ್‌ಗೆ ನೇಮ್‌ಸ್ಪೇಸ್ ಸೇರಿಸಿ, ಸರಿಹೋಗಲಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ಅಲ್ಲಿರುವ ಪೇಜಸ್ ವಿಭಾಗ ಎಎಸ್‌ಪಿಎಕ್ಸ್ ಪುಟಗಳಿಗೆ. ರೇಝರ್ ನೋಡುವುದು ವ್ಯೂಸ್ ಫೋಲ್ಡರಿನೊಳಗಿರುವ ಇನ್ನೊಂದು ವೆಬ್.ಕಾನ್ಫಿಗ್ ಅನ್ನು. ಮೈಕ್ರೋಸಾಫ್ಟ್.ಎಎಸ್‌ಪಿನೆಟ್.ವೆಬ್.ಆಪ್ಟಿಮೈಸೇಷನ್ ಪ್ಯಾಕೇಜನ್ನು ನುಗೆಟ್‌ನಿಂದ (ಡಾಟ್‌ನೆಟ್ ಲೈಬ್ರರಿಗಳು ಸಿಗುವ ಜಾಗ) ಹಾಕಿದ ಮೇಲೆ, ವ್ಯೂಸ್ ಫೋಲ್ಡರಿನ ಆ ವೆಬ್.ಕಾನ್ಫಿಗ್‌ನ ನೇಮ್‌ಸ್ಪೇಸಸ್ ಪಟ್ಟಿಗೆ ಸಿಸ್ಟಮ್.ವೆಬ್.ಆಪ್ಟಿಮೈಸೇಷನ್ ಸೇರಿಸಿ. ಪ್ಯಾಕೇಜ್ ಇಲ್ಲದೆ ಈ ಸಾಲು ಮಾತ್ರ ಹಾಕಿದರೆ ಆ ಫೋಲ್ಡರಿನ ಎಲ್ಲ ವ್ಯೂಗಳೂ ನೇಮ್‌ಸ್ಪೇಸೇ ಇಲ್ಲ ಅನ್ನುವ ಸಿಎಸ್0234 ಎರರ್ ಕೊಡಲು ಶುರುಮಾಡುತ್ತವೆ. ಏರಿಯಾಗಳಿದ್ದರೆ (ಪ್ರಾಜೆಕ್ಟನ್ನು ವಿಂಗಡಿಸುವ ಉಪವಿಭಾಗಗಳು) ಪ್ರತಿಯೊಂದರ ವ್ಯೂಸ್ ಫೋಲ್ಡರಿನಲ್ಲೂ ಇದೇ ಕೆಲಸ. ಆಮೇಲೂ ಎಡಿಟರಿನಲ್ಲಿ ತಪ್ಪು ತೋರಿಸುವ ಕೆಂಪು ಗೆರೆ ಹೋಗದಿದ್ದರೆ ವ್ಯೂ ಫೈಲನ್ನು ಮುಚ್ಚಿ ಮತ್ತೆ ತೆರೆಯಿರಿ.

ಬಿಲ್ಡ್ ಹೊತ್ತಿಗೇ ತಪ್ಪು ಗೊತ್ತಾಗಬೇಕಾದರೆ ಪ್ರಾಜೆಕ್ಟ್ ಫೈಲಿನಲ್ಲಿ ಎಂವಿಸಿ‌ಬಿಲ್ಡ್‌ವ್ಯೂಸ್ ಅನ್ನು ಟ್ರೂ ಮಾಡಿ. ಬಿಲ್ಡ್ ನಿಧಾನವಾಗುತ್ತದೆ, ಹಾಗಾಗಿ ರಿಲೀಸ್ ಕಾನ್ಫಿಗರೇಷನ್ನಿಗೆ ಮಾತ್ರ ಇಡುವುದು ಒಳ್ಳೆಯದು. 'ಅಲೌಡೆಫಿನಿಷನ್' ಅಂತ ಸಂಬಂಧವೇ ಇಲ್ಲದ ಎರರ್ ಬಂದರೆ ಒಬಿಜೆ ಫೋಲ್ಡರಿನಲ್ಲಿ ಉಳಿದ ಹಳೆಯ ವೆಬ್.ಕಾನ್ಫಿಗ್ ಕಾರಣವಿರಬಹುದು, ಆ ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿ.

ಕೋರ್‌ನಲ್ಲಿ ಎಡಿಟರ್ ನಿಜಕ್ಕೂ ಚೆನ್ನಾಗಿದೆ. ವ್ಯೂಗಳು ಬಿಲ್ಡ್ ಜೊತೆಗೇ ಕಂಪೈಲ್ ಆಗುವುದರಿಂದ ಕ್ಲಾಸ್ ಸಿಗಲಿಲ್ಲ ಅನ್ನುವ ಸಿಎಸ್0246 ಎರರ್ ಅಲ್ಲೇ ಸಿಕ್ಕಿಬೀಳುತ್ತದೆ. ಕ್ಲಾಸ್ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಚುಕ್ಕಿ ಒತ್ತಿದರೆ @ಯೂಸಿಂಗ್ ಸಾಲನ್ನು ಅದೇ ಹಾಕಿಕೊಡುತ್ತದೆ. ಆದರೆ ಹಾಕುವುದು ಆ ಒಂದು ವ್ಯೂಗೆ ಮಾತ್ರ. ಹತ್ತು ಕಡೆ ಬೇಕಾದ ನೇಮ್‌ಸ್ಪೇಸನ್ನು ನೀವೇ, ಹಲವು ವ್ಯೂಗಳಿಗೆ ಒಟ್ಟಿಗೆ ಅನ್ವಯಿಸುವ _ವ್ಯೂಇಂಪೋರ್ಟ್ಸ್ ಫೈಲಿಗೆ ಸಾಗಿಸಬೇಕು. ವ್ಯೂಸ್ ಫೋಲ್ಡರಿನಲ್ಲಿರುವ ಆ ಫೈಲ್ ಏರಿಯಾಸ್ ಫೋಲ್ಡರಿಗೆ ಅನ್ವಯಿಸುವುದಿಲ್ಲ. ಎರಡಕ್ಕೂ ಬೇಕಾದರೆ ಪ್ರಾಜೆಕ್ಟಿನ ರೂಟ್‌ನಲ್ಲಿಡಿ.

ತೀರಾ ಎಚ್ಚರ ಬೇಕಾದದ್ದು ಟ್ಯಾಗ್ ಹೆಲ್ಪರ್ ವಿಷಯದಲ್ಲಿ, ಅಂದರೆ ಎಎಸ್‌ಪಿ-ಫಾರ್‌ನಂಥ ಆಟ್ರಿಬ್ಯೂಟನ್ನು ಸರಿಯಾದ ಎಚ್‌ಟಿಎಂಎಲ್ ಆಗಿ ಬದಲಿಸುವ ಕೋಡ್. @ಆ್ಯಡ್‌ಟ್ಯಾಗ್‌ಹೆಲ್ಪರ್ ಸಾಲು ಬಿಟ್ಟುಹೋದರೆ ಯಾವ ಎರರೂ ಬರುವುದಿಲ್ಲ. ಇನ್‌ಪುಟ್‌ಗೆ ಕೊಟ್ಟ ಎಎಸ್‌ಪಿ-ಫಾರ್ ಹಾಗೆಯೇ ಎಚ್‌ಟಿಎಂಎಲ್‌ಗೆ ಹೋಗುತ್ತದೆ, ನೇಮ್ ಆಟ್ರಿಬ್ಯೂಟ್ ಹುಟ್ಟುವುದೇ ಇಲ್ಲ, ಫಾರ್ಮ್ ಸಬ್ಮಿಟ್ ಮಾಡಿದಾಗ ಮಾಡೆಲ್‌ಗೆ ಆ ಮೌಲ್ಯ ತಲುಪುವುದಿಲ್ಲ. ಪೇಜ್ ಸೋರ್ಸ್ ತೆರೆದು ಎಎಸ್‌ಪಿ-ಫಾರ್ ಅಂತ ಹುಡುಕಿ. ಸಿಕ್ಕರೆ ರೋಗ ಇದೇ. @ಆ್ಯಡ್‌ಟ್ಯಾಗ್‌ಹೆಲ್ಪರ್ ಸಾಲಿನಲ್ಲಿ ಅಲ್ಪವಿರಾಮದ ನಂತರ ಬರೆಯಬೇಕಾದದ್ದು ಅಸೆಂಬ್ಲಿಯ (ಕಂಪೈಲ್ ಆದ ಡಿಎಲ್‌ಎಲ್) ಹೆಸರು, ನೇಮ್‌ಸ್ಪೇಸಿನದಲ್ಲ.