ಬೆಕ್ಕಿನ ಡೆಂಟಲ್ ಪ್ಯಾಕೇಜ್: ಎಕ್ಸ್‌ರೇ ಇಲ್ಲದ್ದಕ್ಕೆ ದುಡ್ಡು ಹಾಕಬೇಡಿ

ಬೆಕ್ಕಿನ ಹಲ್ಲಿಗೆಂದು ಈಗ ಸಿಗುವ ಸೇವೆ ಮೂರು ಬಗೆಯದು. ಅರಿವಳಿಕೆ ಕೊಡದೆ ಗ್ರೂಮಿಂಗ್ ಜೊತೆಗೇ ಮಾಡಿಕೊಡುವ ಕ್ಲೀನಿಂಗ್ ಒಂದು. ಅರಿವಳಿಕೆ ಕೊಟ್ಟು ಬರೀ ಸ್ಕೇಲಿಂಗ್ (ಹಲ್ಲಿನ ಪಾಚಿ ಕೆರೆಯುವುದು) ಮಾಡುವುದು ಇನ್ನೊಂದು. ಅರಿವಳಿಕೆಯಲ್ಲೇ ಬಾಯಿಯೊಳಗಿನ ಎಕ್ಸ್‌ರೇ ತೆಗೆದು, ಕೆಟ್ಟ ಹಲ್ಲು ಕೀಳುವವರೆಗಿನ ಪೂರ್ತಿ ಚಿಕಿತ್ಸೆ ಮೂರನೆಯದು. ಇವುಗಳ ಯೋಗ್ಯತೆ ಗೊತ್ತಾಗುವುದು ಹಲ್ಲು ಕರಗುವ ರೋಗದ ಮುಂದೆ. ವೈದ್ಯರು ಇದನ್ನು ಟೂತ್ ರಿಸಾರ್ಪ್ಶನ್ ಎನ್ನುತ್ತಾರೆ. ವಯಸ್ಸಾದಂತೆಲ್ಲ ಬೆಕ್ಕುಗಳಲ್ಲಿ ಇದು ಹೆಚ್ಚುತ್ತದೆ, ಹಲ್ಲು ಕೀಳಿಸಬೇಕಾಗುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮೊದಲನೆಯದಕ್ಕೆ ಸೊನ್ನೆ ಅಂಕ. ಅಲ್ಲಿ ಕೆರೆಯುವುದು ಕಣ್ಣಿಗೆ ಕಾಣುವ ಟಾರ್ಟರ್ (ಗಟ್ಟಿಯಾದ ಪಾಚಿ) ಮಾತ್ರ, ರೋಗ ಇರುವುದು ವಸಡಿನ ಕೆಳಗೆ. ಒಡಾಂಟೊಕ್ಲಾಸ್ಟ್ ಎಂಬ ಜೀವಕೋಶಗಳು ಬೇರಿನ ಹೊರಪದರವನ್ನು ತಿಂದು, ಅದರೊಳಗಿನ ಗಟ್ಟಿ ಪದರವಾದ ಡೆಂಟಿನ್ ಕೊರೆದು, ಕೊನೆಗೆ ನರದವರೆಗೂ ಹೋಗುತ್ತವೆ. ಆ ಜಾಗಕ್ಕೆ ಹಲ್ಲು ತಡಕಿ ನೋಡುವ ಮೊನಚು ಕಡ್ಡಿ (ಎಕ್ಸ್‌ಪ್ಲೋರರ್) ತಾಗಿದರೆ ಬೆಕ್ಕಿನ ದವಡೆ ಪಟಪಟ ನಡುಗುತ್ತದೆ. ಮೇಲೆ ಬೆಳ್ಳಗೆ ಹೊಳೆಯುವ ಹಲ್ಲು ನೋಡಿ ಯಜಮಾನರು ಇನ್ನೊಂದು ವರ್ಷ ನೆಮ್ಮದಿಯಿಂದ ಇರುತ್ತಾರೆ, ನಿಜವಾದ ನಷ್ಟ ಅದು.

ಎರಡನೆಯದು ಅರ್ಧ ಕೆಲಸ. ಇಡೀ ಚಿಕಿತ್ಸೆಯಲ್ಲಿ ಅಪಾಯವಿರುವ ಭಾಗ ಅರಿವಳಿಕೆ. ಅದನ್ನು ಕೊಟ್ಟ ಮೇಲೂ ಎಕ್ಸ್‌ರೇ ತೆಗೆಯದೆ ಬೆಕ್ಕನ್ನು ಎಬ್ಬಿಸುವುದು ದಡ್ಡತನ. ಹಲ್ಲಿನ ಕುತ್ತಿಗೆಯಲ್ಲಿ, ಅಂದರೆ ವಸಡಿನ ಅಂಚಿನ ಭಾಗದಲ್ಲಿ, ತೂತಿದ್ದರೆ ಎಕ್ಸ್‌ಪ್ಲೋರರ್ ತುದಿಗೆ ಸಿಕ್ಕೀತು. ಬೇರಿನ ಸ್ಥಿತಿ ಮಾತ್ರ ಸಿಗುವುದಿಲ್ಲ, ಚಿಕಿತ್ಸೆ ನಿರ್ಧಾರವಾಗುವುದೋ ಅದರ ಮೇಲೆಯೇ.

ಎಕ್ಸ್‌ರೇ ಎಂದರೆ ತಲೆಯದಲ್ಲ, ಬಾಯಿಯೊಳಗೆ ಸೆನ್ಸರ್ ಇಟ್ಟು ತೆಗೆಯುವುದು. ಬೆಕ್ಕಿಗೆ 30 ಹಲ್ಲು. ಕೆಳಗಿನ ಹಿಂದಲ ಹಲ್ಲುಗಳಿಗೆ ಸೆನ್ಸರನ್ನು ಹಲ್ಲಿಗೆ ಸಮಾನಾಂತರವಾಗಿ ಇಡಬಹುದು, ಉಳಿದೆಡೆ ಕೋನ ಲೆಕ್ಕ ಹಾಕಬೇಕು. ಮೇಲಿನ ಹಿಂದಲ ಹಲ್ಲುಗಳ ಮೇಲೆ ಕೆನ್ನೆಮೂಳೆಯ ನೆರಳು ಬಿದ್ದು ಬೇರು ಮುಚ್ಚಿಹೋಗುವುದು ಮಾಮೂಲಿ ತಪ್ಪು. ಕೊಟ್ಟ ಚಿತ್ರದಲ್ಲಿ ಬೇರಿನ ತುದಿ ಕಾಣದಿದ್ದರೆ ಇನ್ನೊಂದು ತೆಗೆಯಲು ಹೇಳಿ.

ಚಿತ್ರದಲ್ಲಿ ನೋಡಬೇಕಾದದ್ದು ಬೇರಿನ ಸುತ್ತ ಇರುವ ತೆಳು ಕಪ್ಪು ಗೆರೆ, ಹಲ್ಲನ್ನು ಮೂಳೆಗೆ ಹಿಡಿದಿಡುವ ಲಿಗಮೆಂಟಿನ ಜಾಗ ಅದು. ಗೆರೆ ಉಳಿದಿದ್ದು ಹಲ್ಲಿನಲ್ಲಿ ತೂತು ಬಿದ್ದಿದ್ದರೆ ಟೈಪ್ 1. ಗೆರೆ ಅಳಿಸಿ ಬೇರು ಮೂಳೆಯಲ್ಲೇ ಲೀನವಾಗಿದ್ದರೆ ಟೈಪ್ 2. ಒಂದೇ ಹಲ್ಲಿನಲ್ಲಿ ಎರಡೂ ಇದ್ದರೆ ಟೈಪ್ 3. ಟೈಪ್ 1ಕ್ಕೆ ಬೇರುಸಹಿತ ಕೀಳಲೇಬೇಕು. ಅಲ್ಲಿ ಮೇಲ್ಭಾಗ ಮಾತ್ರ ಕತ್ತರಿಸಿದರೆ ಬೇರು ಒಳಗೇ ಉಳಿದು ನೋವು, ಸೋಂಕು ಮುಂದುವರಿಯುತ್ತದೆ. ಟೈಪ್ 2ರಲ್ಲಿ ಲೆಕ್ಕ ತಿರುಗುಮುರುಗು: ಬಿಡಿಸಲು ಲಿಗಮೆಂಟೇ ಇಲ್ಲ, ಹಟ ಹಿಡಿದು ಎಲಿವೇಟರ್ (ಹಲ್ಲು ಸಡಿಲಿಸುವ ಉಪಕರಣ) ಒತ್ತಿದರೆ ಬೇರು ಮುರಿಯುತ್ತದೆ, ಕೆಲವೊಮ್ಮೆ ದವಡೆಯೇ ಮುರಿಯುತ್ತದೆ. ಅಲ್ಲಿ ವಸಡು ಬಿಡಿಸಿ, ಕಿರೀಟವನ್ನು (ಹಲ್ಲಿನ ಮೇಲ್ಭಾಗ) ಮೂಳೆಯ ಅಂಚಿಗಿಂತ ತುಸು ಕೆಳಗಿನವರೆಗೆ ಬರ್ ಎಂಬ ಡ್ರಿಲ್ ಮೊನೆಯಿಂದ ಕತ್ತರಿಸಿ, ನುಣುಪು ಮಾಡಿ, ಕರಗುವ ದಾರದಿಂದ ಹೊಲಿದರೆ ಸಾಕು. ಬೇರಿನ ತುದಿಯಲ್ಲಿ ಸೋಂಕು, ವಸಡಿನ ರೋಗ, ಇಲ್ಲವೇ ಬಾಯೆಲ್ಲ ಹುಣ್ಣಾಗುವ ಸ್ಟೊಮಟೈಟಿಸ್ ಇದ್ದರೆ ಈ ರಿಯಾಯಿತಿ ಇಲ್ಲ.

ಹೆಚ್ಚಾಗಿ ಕೆಡುವ ಹಲ್ಲು ಕೆಳದವಡೆಯ ಮೂರನೇ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನದು), ಚಾರ್ಟಿನಲ್ಲಿ 307 ಮತ್ತು 407. ಇದಕ್ಕೆ ಎರಡು ಬೇರು. ಚೆನ್ನಾಗಿ ಕೀಳುವವರು ವಸಡು ಬಿಡಿಸಿ, ಕೆನ್ನೆ ಬದಿಯ ಮೂಳೆ ಸ್ವಲ್ಪ ತೆಗೆದು, ಹಲ್ಲನ್ನು ಎರಡಾಗಿ ಸೀಳಿ, ಒಂದೊಂದೇ ಬೇರನ್ನು ನಿಧಾನವಾಗಿ ಸಡಿಲಿಸುತ್ತಾರೆ. ಮುರಿದ ತುದಿಯನ್ನು ಡ್ರಿಲ್ಲಿನಿಂದ ಪುಡಿ ಮಾಡಿಬಿಡುವ ಅಡ್ಡದಾರಿ ಬೇಡ. ಚೂರು ಒಳಗೇ ಉಳಿಯುತ್ತದೆ, ಕೆಳಗಿನ ನರಕ್ಕೂ ಪೆಟ್ಟಾಗಬಹುದು. ಕಿತ್ತ ಮೇಲೆ ಇನ್ನೊಂದು ಎಕ್ಸ್‌ರೇ ಇರಲೇಬೇಕು. ಅದು ಬಿಲ್ಲಿನಲ್ಲಿ ಇಲ್ಲದ ಪ್ಯಾಕೇಜಿಗೆ ಪೂರ್ತಿ ಅಂಕ ಕೊಡಲಾಗದು.

ತೂತಿದ್ದರೆ ತುಂಬಿಸಬಾರದೇ ಎಂದು ಎಲ್ಲರೂ ಕೇಳುತ್ತಾರೆ. ಹಿಂದೆ ಗ್ಲಾಸ್ ಅಯೊನೋಮರ್ ಎಂಬ ಫಿಲ್ಲಿಂಗ್ ಸಿಮೆಂಟ್ ತುಂಬಿ ನೋಡಿದ್ದೂ ಆಯಿತು. ಇದು ಹುಳುಕಲ್ಲವಾದ್ದರಿಂದ ಫಿಲ್ಲಿಂಗಿನ ಪಕ್ಕದಲ್ಲೇ ಹಲ್ಲು ಕರಗುತ್ತ ಹೋಯಿತು. ಮನುಷ್ಯರ ವಿಷಯ ಬೇರೆ. ಅಲ್ಲೂ ತಿನ್ನುವುದು ಅದೇ ಜಾತಿಯ ಕೋಶಗಳು, ಆದರೆ ಪೆಟ್ಟು, ಕ್ಲಿಪ್ ಹಾಕಿಸಿದ್ದು, ಹಲ್ಲಿನೊಳಗೆ ಬ್ಲೀಚ್ ಮಾಡಿಸಿದ್ದು ಇಂಥ ಹಿನ್ನೆಲೆ ಹಲವೊಮ್ಮೆ ಇರುತ್ತದೆ, ರೋಗ ಸಾಮಾನ್ಯವಾಗಿ ಒಂದೆರಡು ಹಲ್ಲಿಗೆ ಸೀಮಿತ. ಕುತ್ತಿಗೆ ಭಾಗದ ರಿಸಾರ್ಪ್ಶನ್‌ಗೆ 1999ರಲ್ಲಿ ದಂತತಜ್ಞ ಹೀದರ್ಸೇ ಮಾಡಿದ ನಾಲ್ಕು ವರ್ಗಗಳಲ್ಲಿ ಮೊದಲೆರಡನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಬಹುದು, ನಾಲ್ಕನೆಯದಕ್ಕೆ ಕೈ ಹಾಕದಿರುವುದೇ ಲೇಸು. ತೂತಿನೊಳಗಿನ ಅಂಗಾಂಶವನ್ನು 90% ಟ್ರೈಕ್ಲೋರೊಅಸಿಟಿಕ್ ಆಸಿಡ್‌ನಿಂದ ಸುಟ್ಟು, ಕೆರೆದು ತುಂಬುತ್ತಾರೆ. ತುಂಬುವುದಕ್ಕೆ ಬಯೋಡೆಂಟಿನ್ ಎಂಬ ಸಿಮೆಂಟ್ ಅನುಕೂಲ: ಸುಮಾರು 12 ನಿಮಿಷಕ್ಕೆ ಗಟ್ಟಿಯಾಗುತ್ತದೆ, ಹಳೆಯ ಸಿಮೆಂಟ್ ಎಂಟಿಎಗೆ ಗಂಟೆಗಟ್ಟಲೆ ಬೇಕು, ಬಾಯಿಯ ಮುಂಭಾಗದ ಹಲ್ಲಿಗೆ ಹಾಕಿದರೆ ಬಣ್ಣವೂ ಕಪ್ಪಾಗುತ್ತದೆ. ಇಲ್ಲೂ ಬರೀ ಒಪಿಜಿ (ಇಡೀ ದವಡೆಯ ಒಂದೇ ಎಕ್ಸ್‌ರೇ) ನಂಬಿ ಕೂರಬೇಡಿ. ಒಂದೆರಡು ಹಲ್ಲನ್ನಷ್ಟೇ ಹಿಡಿಯುವ ಚಿಕ್ಕ ಸಿಬಿಸಿಟಿ (ಮೂರು ಆಯಾಮದ ಸ್ಕ್ಯಾನ್) ತೆಗೆಸಿದರೆ ತೂತು ಹಲ್ಲನ್ನು ಎಷ್ಟು ಸುತ್ತಿದೆ ಎಂಬುದು ತಿಳಿಯುತ್ತದೆ.

ಮತ್ತೆ ಬೆಕ್ಕಿಗೆ. ಕ್ಲಿನಿಕ್ ಆರಿಸುವಾಗ ಇವನ್ನು ಕೇಳಿ: ಮೊದಲೇ ರಕ್ತಪರೀಕ್ಷೆ ಇದೆಯೇ, ಮಲಗಿದ್ದಾಗ ಮೈ ಬೆಚ್ಚಗಿಡುತ್ತಾರೆಯೇ, ಹಲ್ಲು ಕೀಳುವ ಮುನ್ನ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಡುತ್ತಾರೆಯೇ. ಬೆಕ್ಕನ್ನು ಮಗ್ಗುಲು ಬದಲಿಸುವಾಗ ಶ್ವಾಸದ ಟ್ಯೂಬನ್ನು ಮೆಷಿನ್ನಿಂದ ಬಿಡಿಸಬೇಕು, ಇಲ್ಲದಿದ್ದರೆ ಟ್ಯೂಬು ತಿರುಚಿ ಶ್ವಾಸನಾಳ ಹರಿಯಬಹುದು. ಬಾಯಿ ತೆರೆದಿಡಲು ಸ್ಪ್ರಿಂಗ್ ಗ್ಯಾಗ್ ಹಾಕುವವರಿದ್ದರೆ ಬೇರೆ ಕಡೆ ನೋಡಿ. ಬಾಯಿ ಅತಿಯಾಗಿ ಅಗಲಿಸಿದರೆ ಕಣ್ಣು, ಮಿದುಳಿಗೆ ರಕ್ತ ಒಯ್ಯುವ ಮ್ಯಾಕ್ಸಿಲರಿ ರಕ್ತನಾಳ ಒತ್ತಿ, ಎದ್ದ ಬೆಕ್ಕಿಗೆ ಕಣ್ಣೇ ಕಾಣದಿರುವ ಅಪಾಯವಿದೆ.

ಮನೆಗೆ ಬಂದ ಮೇಲೆ ಸುಮಾರು ಎರಡು ವಾರ ಮೆತ್ತನೆ ಊಟ. ನೋವಿಗೆ ವೈದ್ಯರು ಬರೆದದ್ದನ್ನಷ್ಟೇ ಕೊಡಿ. ಡಬ್ಬಿಯಲ್ಲಿರುವ ಪ್ಯಾರಸಿಟಮಾಲ್ ಚೂರು ಕೊಟ್ಟರೂ ಬೆಕ್ಕಿನ ಪ್ರಾಣಕ್ಕೇ ಕುತ್ತು. ಒಂದು ಹಲ್ಲು ಕರಗಿದ ಬೆಕ್ಕಿಗೆ ಇನ್ನಷ್ಟು ಕರಗುವ ಸಂಭವ ಹೆಚ್ಚು, ಹಾಗಾಗಿ ವರ್ಷಕ್ಕೊಮ್ಮೆ ಬಾಯಿ ತೋರಿಸಿ. ರೇಟಿನ ಮಾತು: ಎಷ್ಟು ಹಲ್ಲು ಕೀಳಬೇಕೆಂದು ಎಕ್ಸ್‌ರೇ ಆದ ಮೇಲೇ ತಿಳಿಯುವುದು. ಆದ್ದರಿಂದ ಒಟ್ಟು ಮೊತ್ತದ ಬದಲು ಹಲ್ಲಿಗೆ ಇಷ್ಟು ಎಂದು ಬರೆಸಿಕೊಳ್ಳಿ. ಬೆಕ್ಕು ಮೇಜಿನ ಮೇಲಿರುವಾಗಲೇ ಒಪ್ಪಿಗೆ ಕೇಳಲು ಕರೆ ಬರುತ್ತದೆ, ಫೋನು ಕೈಯಲ್ಲೇ ಇರಲಿ.