ದಿ ಲಾಂಗ್ ಡಾರ್ಕ್: ಹೊಟ್ಟೆಗಿಂತ ಹೆಗಲಿನ ಲೆಕ್ಕ ದೊಡ್ಡದು

ಹಿಮಗಾಡಿನಲ್ಲಿ ಬದುಕುಳಿಯುವ, ಹಿಂಟರ್‌ಲ್ಯಾಂಡ್ ಸ್ಟುಡಿಯೋದ ಈ ವಿಡಿಯೋ ಗೇಮ್ 2014ರಲ್ಲಿ ಅರ್ಲಿ ಆ್ಯಕ್ಸೆಸ್‌ಗೆ (ಪೂರ್ತಿಯಾಗುವ ಮುಂಚಿನ ಮಾರಾಟಕ್ಕೆ) ಬಂತು, 2017ರ ಆಗಸ್ಟ್‌ನಲ್ಲಿ ಪೂರ್ತಿ ಬಿಡುಗಡೆಯಾಯಿತು. ಕಥೆ ಒಮ್ಮೆ ಆಡಿ ಮುಗಿಸುವಂಥದ್ದು. ವರ್ಷಗಟ್ಟಲೆ ಹಿಡಿದಿಡುವುದು ಸರ್ವೈವಲ್ ಮೋಡ್, ಅಂದರೆ ಕಥೆಯಿಲ್ಲದೆ ಆದಷ್ಟು ದಿನ ಬದುಕುಳಿಯುವ ಆಟ. ಉತ್ತರ ಕೆನಡಾದ ಗ್ರೇಟ್ ಬೇರ್ ಎಂಬ ಕಾಲ್ಪನಿಕ ದ್ವೀಪದಲ್ಲಿ ಒಮ್ಮೆ ಸತ್ತರೆ, ಮೂಲ ನಿಯಮದ ಪ್ರಕಾರ, ಸೇವ್ (ಉಳಿಸಿಟ್ಟ ಆಟ) ಕೂಡ ಹೋಗುತ್ತದೆ.

ಹೊಟ್ಟೆ ತುಂಬಿದರೆ 2500 ಕ್ಯಾಲರಿ. ನಿದ್ದೆಗೆ ಗಂಟೆಗೆ 75 ಖರ್ಚು, ನಡಿಗೆಗೆ ಅದರ ಹಲವು ಪಟ್ಟು, ಓಟದ ಮಾತು ಬೇಡ. ಸೊನ್ನೆಗಿಳಿದ ಮೇಲೆ ಕಂಡಿಷನ್ (ಜೀವಬಲದ ಅಳತೆ) ಗಂಟೆಗೆ ಸುಮಾರು ಶೇ. 1ರಂತೆ ಸೋರುತ್ತದೆ. ಅದು ಅಷ್ಟು ನಿಧಾನ ಅಂತಲೇ ಹಳಬರು ಹಗಲೆಲ್ಲ ಉಪವಾಸ ನಡೆದು, ಮಲಗುವ ಮುಂಚೆ 750 ಕ್ಯಾಲರಿ ತಿಂದು, 10 ಗಂಟೆ ನಿದ್ದೆಯಲ್ಲಿ ಕಳೆದುಕೊಂಡದ್ದನ್ನು ವಾಪಸ್ ಪಡೆಯುತ್ತಿದ್ದರು. ಹೊಟ್ಟೆ ಖಾಲಿ ಬಿಡದವರಿಗೆ ಸಿಗುವ 'ವೆಲ್ ಫೆಡ್' ಎಂಬ ಬಹುಮಾನ ಗೇಮ್‌ಗೆ ಸೇರಿದ ಮೇಲೆ ಈ ಚಾಲಾಕಿ ದುಬಾರಿಯಾಯಿತು. 72 ಗಂಟೆ ಕ್ಯಾಲರಿ ಸೊನ್ನೆ ಮುಟ್ಟದೆ ಇದ್ದರೆ ಹೊರುವ ಮಿತಿ 30 ಕಿಲೋದಿಂದ 35ಕ್ಕೆ ಏರುತ್ತದೆ. ಒಮ್ಮೆ ಸೊನ್ನೆ ಮುಟ್ಟಿದರೆ ಆ 5 ಕಿಲೋ ಅಲ್ಲೇ ಮಾಯ, ಎಣಿಕೆ ಮತ್ತೆ ಮೊದಲಿಂದ. ತುಂಬಿದ ಚೀಲದ ಜತೆ ನಡುದಾರಿಯಲ್ಲಿ ಹೀಗಾದರೆ ಹೆಜ್ಜೆ ನಿಧಾನವಾಗುತ್ತದೆ, ಹಗ್ಗ ಹತ್ತಲೂ ಆಗುವುದಿಲ್ಲ.

ಹಾಗಾಗಿ ದಾರಿಯ ಊಟವನ್ನು ತೂಕ ನೋಡಿ ಆರಿಸಬೇಕು. ಬೇಯಿಸಿದ ಜಿಂಕೆ ಮಾಂಸ ಕಿಲೋಗೆ 800 ಕ್ಯಾಲರಿ, ಮೊಲ ಬರೀ 450. (ನಿಜವಾದ ಜಿಂಕೆ ಮಾಂಸದಲ್ಲಿ ಇದರ ಹೆಚ್ಚುಕಡಿಮೆ ಎರಡರಷ್ಟಿದೆ, ಗೇಮ್ ಇಲ್ಲಿ ಜಿಪುಣ.) ಹೆಪ್ಪುಗಟ್ಟಿದ ಕೆರೆಯಂಚಿನ ಕ್ಯಾಟ್‌ಟೇಲ್ ಜೊಂಡಿನ ಒಂದು ದಂಟು 50 ಗ್ರಾಂ, 150 ಕ್ಯಾಲರಿ. ಅಂದರೆ ಕಿಲೋಗೆ 3000! ಬೇಯಿಸಬೇಕಿಲ್ಲ, ಕೆಡುವುದೂ ಇಲ್ಲ. ಆದರೆ ಕಿತ್ತಲ್ಲಿ ಮತ್ತೆ ಬೆಳೆಯದು. ಬೀಡಿನಲ್ಲಿ ಕೂತು ದಂಟು ತಿನ್ನುವುದು ಶುದ್ಧ ದಂಡ, ಅಲ್ಲಿ ಮಾಂಸ ತಿನ್ನಿ. ಮಾಂಸವನ್ನು ಮನೆಯೊಳಗಿಡದೆ ಹೊರಗೆ ಹಿಮದ ಮೇಲೆ ಇಟ್ಟರೆ ಕೆಡುವುದು ನಿಧಾನ.

ದ್ವೀಪದ ಮಿಸ್ಟರಿ ಲೇಕ್ ಪ್ರದೇಶದಿಂದ ರಾವೀನ್ ಕಣಿವೆ ದಾಟಿ ಕೋಸ್ಟಲ್ ಹೈವೇ ಪ್ರದೇಶಕ್ಕೆ ಹೋಗುವುದಾದರೆ 8 ದಂಟು ಸಾಕು: 400 ಗ್ರಾಂ, 1200 ಕ್ಯಾಲರಿ. ನೀರು ಲೀಟರಿಗೆ ಒಂದು ಕಿಲೋ, ಒಂದೂವರೆ ಲೀಟರಿಗಿಂತ ಹೆಚ್ಚು ಹೊರಬೇಡಿ. ಬೆಂಕಿಕಡ್ಡಿ, ಡಬ್ಬಿ ಇದ್ದರೆ ಹಿಮ ಕರಗಿಸಿ ಕುದಿಸಿಕೊಳ್ಳಬಹುದು. ಹಸಿ ಮಾಂಸ, ಕರುಳು ಚೀಲದಲ್ಲಿದ್ದರೆ ಪರದೆಯ ಮೇಲೆ ವಾಸನೆಯ ಗೆರೆಗಳು ಏರಿ ತೋಳಗಳು ದೂರದಿಂದಲೇ ಬೆನ್ನು ಹತ್ತುತ್ತವೆ. ಬೇಟೆ ಸಿಕ್ಕರೆ ಅಲ್ಲೇ ಹತ್ತಿರ ಬೇಯಿಸಿಯೇ ಹೊರಡಿ. ಎದುರುಗಾಳಿ ನಡಿಗೆಯ ವೇಗ ತಿನ್ನುತ್ತದೆ, ಬೆಂಕಿಯನ್ನೂ ಆರಿಸುತ್ತದೆ. ಇಳಿಜಾರಿನಲ್ಲಿ ಕಾಲು ಉಳುಕಬಹುದೆಂಬ ಗುರುತು ಪರದೆಯಲ್ಲಿ ಕಂಡರೆ ಸುತ್ತಿಕೊಂಡು ಹೋಗಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಹಿಮದ ಗೂಡು ಕಟ್ಟಲು 15 ಕಡ್ಡಿ, 5 ಬಟ್ಟೆ ಚೂರು ಬೇಕು. ಬಟ್ಟೆ ಮುಂಚೆಯೇ ಹರಿದಿಟ್ಟುಕೊಳ್ಳಿ.

ಅಡುಗೆ ಕೌಶಲ ಏರುವುದು ತುಂಡಿನ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಲ್ಲ. ಆದ್ದರಿಂದ ಮಾಂಸವನ್ನು ಅರ್ಧ ಅರ್ಧ ಕಿಲೋ ಆಗಿ ಕೊಯ್ದು ಬೇಯಿಸಿ. ಈ ಕೌಶಲದ 5ನೇ ಹಂತಕ್ಕೆ ಮುಂಚೆ, ಬೇಯಿಸಿದ ತೋಳ, ಕರಡಿ ಮಾಂಸದಲ್ಲೂ ಪರಾವಲಂಬಿ ಹುಳುವಿನ ಅಪಾಯವಿದೆ.

ತಕರಾರೂ ಇಲ್ಲೇ. 5ನೇ ಹಂತ ಮುಟ್ಟಿದ ಮೇಲೆ ಪೂರ್ತಿ ಕೆಟ್ಟ ಮಾಂಸವೂ ಬೆಂದರೆ ಸಾಕು, ಹೊಟ್ಟೆ ಕೆಡಿಸುವುದಿಲ್ಲ. ಊಟದ ಚಿಂತೆಯೇ ಮುಗಿದು, ಉಳಿಯುವುದು ಚಳಿ ಮತ್ತು ಓಡಾಟ. ವೊಯಾಜರ್ ಎಂಬ ಮಧ್ಯಮ ಕಷ್ಟದ ಮಟ್ಟದಲ್ಲಿ ಆಟ ಸಪ್ಪೆಯಾಗುವುದು ಅಲ್ಲಿಂದ. ತುಂಬಾ ಕಷ್ಟದ ಇಂಟರ್‌ಲೋಪರ್ ಮಟ್ಟದಲ್ಲಿ ಮಾತ್ರ, ದಿನ ಕಳೆದಂತೆ ಚಳಿ ಏರುವುದರಿಂದ, ಬಿಗಿ ಉಳಿಯುತ್ತದೆ.