ಬೋರ್ಡಿಲ್ಲದ ಗ್ಯಾರೇಜು, ಚೋಕ್ ಎಳೆದರೆ ಮಾತ್ರ ಓಡುವ ಬೈಕು

ದಾವಣಗೆರೆಯ ಹದಡಿ ರಸ್ತೆಯಿಂದ ಒಳಕ್ಕೆ ಹೊರಳುವ ಅಡ್ಡರಸ್ತೆಯೊಂದರಲ್ಲಿ, ತಗಡಿನ ಚಪ್ಪರದ ಕೆಳಗೆ ನಡೆಯುವ ಈ ಗ್ಯಾರೇಜಿಗೆ ಬೋರ್ಡೂ ಇಲ್ಲ, ಹೆಸರೂ ಇಲ್ಲ. ಗಿರಾಕಿಗಳೆಲ್ಲ ‘ಮೇಸ್ತ್ರಿ ಹತ್ರ’ ಎಂದಷ್ಟೇ ಹೇಳುತ್ತಾರೆ. ಕಳೆದ ತಿಂಗಳು ಅಲ್ಲಿ ಅರ್ಧ ದಿನ ನಿಂತು ಕಣ್ಣಾರೆ ನೋಡಿದ ಕೆಲಸದ ಬಗ್ಗೆ, ಅಲ್ಲಿನ ಕೊರತೆಗಳನ್ನೂ ಸೇರಿಸಿ, ಬರೆಯುತ್ತಿದ್ದೇನೆ.

ನನ್ನದು 97.2 ಸಿಸಿಯ ಹಳೆಯ ಹೀರೊ ಹೋಂಡಾ ಸ್ಪ್ಲೆಂಡರ್. 2020ರ ಏಪ್ರಿಲ್‌ನಲ್ಲಿ ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬೈಕುಗಳಲ್ಲಿ ಸಾಮಾನ್ಯವಾಗಿ ಫ್ಯುಯೆಲ್ ಇಂಜೆಕ್ಷನ್ ಇರುತ್ತದೆ. ನನ್ನದು ಅದಕ್ಕಿಂತ ಎಷ್ಟೋ ಹಿಂದಿನ, ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬುರೇಟರ್ ಇರುವ ಗಾಡಿಯಾದ್ದರಿಂದ, ಸ್ಪಾನರ್ ಹಿಡಿಯಲು ಬಂದರೆ ಮನೆಯಂಗಳದಲ್ಲೇ ಸರ್ವಿಸ್ ಮಾಡಿಕೊಳ್ಳಬಹುದು ಎಂಬ ಧೈರ್ಯ ನನಗಿತ್ತು. ಒಂದು ಭಾನುವಾರ ಆಯಿಲ್ ಬದಲಿಸಿ, ಮಂಡಕ್ಕಿ ಭಟ್ಟಿಗಳ ಕಡೆಯಿಂದ ದಿನವೂ ಓಡಾಡಿ ಕಪ್ಪಾಗಿದ್ದ ಏರ್ ಫಿಲ್ಟರ್ ತೊಳೆದು, ಪ್ಲಗ್ ಉಜ್ಜಿ, ಕೊನೆಗೆ ಹುಮ್ಮಸ್ಸು ತಡೆಯದೆ ಕಾರ್ಬುರೇಟರನ್ನೂ ಬಿಚ್ಚಿದೆ. ಜೆಟ್ಟು, ಫ್ಲೋಟು, ರಬ್ಬರು ಎಲ್ಲವನ್ನೂ ಒಂದೇ ತಟ್ಟೆಯ ಪೆಟ್ರೋಲಿನಲ್ಲಿ ಮುಳುಗಿಸಿಟ್ಟು ಊಟಕ್ಕೆ ಹೋದೆ. ಸಂಜೆ ಎಲ್ಲವನ್ನೂ ಜೋಡಿಸಿ ಕಿಕ್ ಹೊಡೆದರೆ ಬೈಕು ಕೆಮ್ಮಲೂ ಇಲ್ಲ. ಚೋಕ್ ಎಳೆದು ಹತ್ತಿಪ್ಪತ್ತು ಬಾರಿ ಒದ್ದ ಮೇಲೆ ಎದ್ದಿತು. ಚೋಕ್ ಬಿಟ್ಟ ಕೂಡಲೇ ಸತ್ತಿತು.

ಮರುದಿನ ನಗರದ ಒಂದು ಸರ್ವಿಸ್ ಸೆಂಟರಿಗೆ ತಳ್ಳಿಕೊಂಡು ಹೋದೆ. ಅಲ್ಲಿನ ಹುಡುಗ ಎರಡು ಸಲ ಕಿಕ್ ಹೊಡೆದು, ಕಾರ್ಬುರೇಟರೇ ಹೊಸದು ಹಾಕಬೇಕು ಎಂದು ಎರಡು ಸಾವಿರದ ಹತ್ತಿರದ ಅಂದಾಜು ಬರೆದುಕೊಟ್ಟ. ಹಿಂದಿನ ದಿನದವರೆಗೆ ಸರಿಯಾಗಿ ಓಡುತ್ತಿದ್ದ ಗಾಡಿ ಇದ್ದಕ್ಕಿದ್ದಂತೆ ಏಕೆ ನಿಂತಿತು ಎಂದು ಆತ ಕೇಳಲಿಲ್ಲ. ನಾನೂ, ನನ್ನ ತಪ್ಪು ಹೊರಬೀಳುತ್ತದೆಂಬ ಸಂಕೋಚದಿಂದ, ಹೇಳಲಿಲ್ಲ.

ಮೇಸ್ತ್ರಿ ಮೊದಲು ಕೇಳಿದ್ದೇ ಅದನ್ನು. ಬೈಕ್ ಸ್ಟ್ಯಾಂಡ್ ಹಾಕುವ ಮೊದಲೇ, “ಮೇಷ್ಟ್ರೇ, ಕೊನೀಗೆ ಎಲ್ಲಿ ಕೈ ಹಾಕಿದ್ರಿ?” ಎಂದರು. ನಾನು ಬಿಚ್ಚಿದ್ದೆಲ್ಲವನ್ನೂ ಒಪ್ಪಿಸಿದೆ. ಹಾಗಾದರೆ ಬೇರೆಲ್ಲೂ ಹುಡುಕುವ ಅಗತ್ಯವಿಲ್ಲ ಎನ್ನುವಂತೆ ತಲೆಯಾಡಿಸಿ ಪ್ಲಗ್ ತೆಗೆದರು. ಅದು ಒಣಗಿತ್ತು. ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಕಿಕ್ ಹೊಡೆದಾಗ ನೀಲಿ ಕಿಡಿ ಸ್ಪಷ್ಟವಾಗಿ ಕಂಡಿತು. ನಾನು ಉಜ್ಜುವಾಗ ಪ್ಲಗ್ಗಿನ ತುದಿಯನ್ನು ಬಾಗಿಸಿ ಅಂತರ ಕಡಿಮೆ ಮಾಡಿದ್ದೆ; 0.8ರಿಂದ 0.9 ಮಿ.ಮೀ. ಇರಬೇಕಾದದ್ದನ್ನು ಗೇಜ್ ಹಾಕಿ ಸರಿಪಡಿಸಿದರು, ಆದರೆ ಇದು ಕಾರಣವಲ್ಲ ಎಂದೂ ಹೇಳಿದರು. ಬಳಿಕ ಕಾರ್ಬುರೇಟರಿನ ತಳದ ಡ್ರೈನ್ ಸ್ಕ್ರೂ ಸಡಿಲಿಸಿ, ಪೆಟ್ರೋಲು ತಡೆಯಿಲ್ಲದೆ ಬಾಟಲಿಗೆ ಇಳಿಯುವುದನ್ನು ತೋರಿಸಿದರು. ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ, ಉಳಿದದ್ದು ಗಾಳಿ.

ಇಲ್ಲಿಂದ ಮುಂದಿನದು ಈ ಗ್ಯಾರೇಜಿನ ನಿಜವಾದ ಬಂಡವಾಳ. ಚೋಕ್ ಗಾಳಿಯ ದಾರಿಯನ್ನು ಕಿರಿದಾಗಿಸುತ್ತದೆ; ಆಗ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಬಿಸಿಯಾದ ಮೇಲೂ ಚೋಕ್ ಇಲ್ಲದೆ ಓಡುವುದಿಲ್ಲವೆಂದರೆ, ಒಂದೋ ಪೆಟ್ರೋಲು ಹಾಯುವ ಸಣ್ಣ ತೂತಾದ ಜೆಟ್ ಕಟ್ಟಿಕೊಂಡಿದೆ, ಇಲ್ಲವೇ ಎಲ್ಲಿಂದಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಚೋಕ್ ಎಳೆದೇ ಎಂಜಿನ್ ಓಡುವಂತೆ ಮಾಡಿ, ಕಾರ್ಬುರೇಟರು ಎಂಜಿನ್ನಿಗೆ ಕೂಡುವ ಸಂದಿಗೆ ಎಣ್ಣೆ ಡಬ್ಬಿಯಿಂದ ನಾಲ್ಕು ಹನಿ ಬಿಟ್ಟರು. ಸದ್ದು ಬದಲಾಯಿತು; ತಡವರಿಸುತ್ತಿದ್ದದ್ದು ಕೆಲವು ಕ್ಷಣ ಹದಕ್ಕೆ ಬಂದು ಮತ್ತೆ ತಡವರಿಸಿತು. “ಇಲ್ಲೇ ಗಾಳಿ ಎಳೀತೈತಿ,” ಎಂದು ಎರಡು ಬೋಲ್ಟ್ ಬಿಚ್ಚಿ, ಆ ಸಂದಿಯಲ್ಲಿ ಗಾಳಿ ನುಗ್ಗದಂತೆ ತಡೆಯುವ ರಬ್ಬರಿನ ಓ-ರಿಂಗನ್ನು ನನ್ನ ಅಂಗೈಗೆ ಹಾಕಿದರು. ಪೆಟ್ರೋಲಿನಲ್ಲಿ ನೆನೆದ ಆ ಹಳೆಯ ರಬ್ಬರು ಉಬ್ಬಿ, ತನ್ನ ತೋಡಿನಲ್ಲಿ ಕೂರದೆ, ನಾನು ಬಿಗಿಯುವಾಗ ಒಂದು ಕಡೆ ಸಿಕ್ಕಿ ಜಜ್ಜಿಹೋಗಿತ್ತು. (ಆ ರಿಂಗನ್ನು ಮನೆಗೆ ತಂದಿಟ್ಟಿದ್ದೆ. ಮೂರನೆಯ ದಿನಕ್ಕೆ ಅದು ಒಣಗಿ ಬಹುತೇಕ ಹಿಂದಿನ ಅಳತೆಗೇ ಬಂದಿತ್ತು, ಜಜ್ಜಿದ ಗುರುತು ಮಾತ್ರ ಉಳಿದಿತ್ತು.)

ಹೊಸ ಓ-ರಿಂಗ್ ಹಾಕಿ ಕಳಿಸಿದ್ದರೂ ನಾನು ಸಂತೋಷದಿಂದಲೇ ಹೋಗುತ್ತಿದ್ದೆ. ಆದರೆ ಅವರು ಕಾರ್ಬುರೇಟರಿನ ಮುಖವನ್ನು ಒಂದು ಗಾಜಿನ ತುಂಡಿನ ಮೇಲಿಟ್ಟು ಬೆಳಕಿಗೆ ಹಿಡಿದು, ಬೋಲ್ಟ್ ಅತಿಯಾಗಿ ಬಿಗಿದದ್ದರಿಂದ ನಡುವೆ ಕೂದಲೆಳೆಯಷ್ಟು ಸಂದು ಬಿದ್ದಿರುವುದನ್ನು ತೋರಿಸಿದರು. ಗಾಜಿನ ಮೇಲೆ ಎಮರಿ ಪೇಪರ್ ಹರಡಿ, ಆ ಮುಖವನ್ನು ಎಂಟಿನ ಆಕಾರದಲ್ಲಿ ಹಗುರವಾಗಿ ತಿಕ್ಕಿ ಸಮಮಾಡಿ, ಎರಡೂ ಬೋಲ್ಟುಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರು. ಗಾಳಿಯ ಪ್ರಮಾಣ ಹೊಂದಿಸುವ ಏರ್ ಸ್ಕ್ರೂವನ್ನು ತೆಗೆಯುವ ಮೊದಲು ಅದು ಎಷ್ಟು ಸುತ್ತು ಇತ್ತೆಂದು ನಾನು ಎಣಿಸಿರಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಅದನ್ನು ಕಿವಿಯ ಅಂದಾಜಿನಲ್ಲೇ ಹೊಂದಿಸಿದರು. ಆ ಬಳಿಕ ಬೆಳಗಿನ ಚಳಿಯಲ್ಲೂ ಒಂದು ಅಥವಾ ಎರಡನೆಯ ಕಿಕ್ಕಿಗೆ ಬೈಕು ಏಳುತ್ತಿದೆ.

ಓ-ರಿಂಗಿಗೆ 15 ರೂಪಾಯಿ, ಕೂಲಿ 150 ರೂಪಾಯಿ. ತೆಗೆದ ಭಾಗವನ್ನು ಕೇಳದೆಯೇ ಕೈಗೆ ಕೊಡುತ್ತಾರೆ.

ಇನ್ನು ಕೊರತೆಗಳು. ಬೆಳಿಗ್ಗೆ ಹನ್ನೊಂದಕ್ಕೆ ಆಗುತ್ತದೆ ಎಂದ ಕೆಲಸ ಮುಗಿದಾಗ ಸಂಜೆ ನಾಲ್ಕಾಗಿತ್ತು, ಏಕೆಂದರೆ ನಡುವೆ ಬಂದ ಪರಿಚಯದವರ ಗಾಡಿಗಳೆಲ್ಲ ನನ್ನದಕ್ಕಿಂತ ಮೊದಲು ಕೈಗೆ ಹೋದವು. ಬಿಲ್ಲು ಕೊಡುವುದಿಲ್ಲ, ಕೂರಲು ಒಂದು ಹಳೆಯ ಟೈರು ಬಿಟ್ಟರೆ ಬೇರೇನೂ ಇಲ್ಲ. ಇವೆಲ್ಲ ಸಹಿಸಬಹುದಾದವು. ಸಹಿಸಬಾರದ್ದು ಒಂದಿದೆ: ಬಾಯಿ ತೆರೆದ ಪೆಟ್ರೋಲ್ ತಟ್ಟೆಯಿಂದ ನಾಲ್ಕಡಿ ದೂರದಲ್ಲಿ ಗಿರಾಕಿಯೊಬ್ಬರು ಬೀಡಿ ಹಚ್ಚಿದರೂ ಯಾರೂ ತಡೆಯಲಿಲ್ಲ. ಕಿಡಿಯ ಪರೀಕ್ಷೆಯನ್ನು ಕೂಡ ಆ ತಟ್ಟೆಯನ್ನು ಸರಿಸದೆಯೇ ಮಾಡಿದರು. ಇಷ್ಟು ಜಾಣ ಕೈ ಇಷ್ಟು ನಿರ್ಲಕ್ಷ್ಯದಿಂದ ಇರುವುದು ನನಗೆ ಅರ್ಥವಾಗಲಿಲ್ಲ, ಹೇಳಿದಾಗ ನಕ್ಕು ತಟ್ಟೆಯನ್ನು ಕಾಲಿನಿಂದ ಆಚೆ ನೂಕಿದರು.

ಇಂಜೆಕ್ಷನ್ ಬೈಕುಗಳನ್ನು ಇಲ್ಲಿಗೆ ಒಯ್ಯಬೇಡಿ. ದೋಷ ಓದುವ ಸ್ಕ್ಯಾನರ್ ತಮ್ಮಲ್ಲಿಲ್ಲ ಎಂದು ಅವರೇ ವಾಪಸು ಕಳಿಸುತ್ತಾರೆ. ಕಾರ್ಬುರೇಟರ್ ಗಾಡಿಯಾದರೆ ಬೆಳಿಗ್ಗೆ ಒಂಬತ್ತಕ್ಕೇ ಹೋಗಿ ಸಾಲಿನಲ್ಲಿ ನಿಲ್ಲಿಸಿ, ಮನೆಯಲ್ಲಿ ಏನೇನು ಬಿಚ್ಚಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ. ಮಧ್ಯಾಹ್ನ ಎರಡರಿಂದ ಮೂರೂವರೆಯವರೆಗೆ ಊಟಕ್ಕೆ ಬಾಗಿಲು ಹಾಕಿರುತ್ತದೆ.